ಸಾಹುಕಾರರು ಸಮುದ್ರ ತೋರಿಸಿದ್ದು

ದೊಡ್ಡಕ್ಕನಿಗೆ ಈ ಪ್ರಪಂಚದಲ್ಲಿ ಮೆಚ್ಚುಗೆಯಾಗುವಂಥದ್ದು ಬಹಳ ಕಡಿಮೆ. ಗಿರಾಕಿಗಳನ್ನು ಕಂಡರೆ ಅವಳಿಗೆ ಆಗದು. ಗಿರಾಕಿಗಳ ಮುಂದೆ ಹಲ್ಲು ಗಿಂಜುವ ಮಾರಾಟದ ಹುಡುಗರನ್ನು ಕಂಡರೆ ಇನ್ನೂ ಆಗದು. ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಗೋಡೆಯ ಪಕ್ಕದ ಉದ್ದನೆಯ ಮೇಜಿನ ಹಿಂದೆ ನಿಂತು, ಬೇರೆಯವರು ಬಿಚ್ಚಿ ಹರಡಿದ್ದನ್ನು ಮತ್ತೆ ಮಡಿಚಿಡುವುದು ಅವಳ ಕೆಲಸ. ಮದುವೆಯಾಗಿ ಬಂದ ವರ್ಷ ಹಿಡಿದ ಕೆಲಸ, ಈಗ ತಲೆಯಲ್ಲಿ ಅರ್ಧ ಬಿಳಿ ಕೂದಲು. ಸಾಹುಕಾರರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಅವಳನ್ನು ಕರೆಯುವುದು ದೊಡ್ಡಕ್ಕ ಎಂದೇ.

ಯಾವಳೋ ಒಬ್ಬಳು ಬರುತ್ತಾಳೆ. ಕಪಾಟಿನಲ್ಲಿರುವ ಹೊದಿಕೆಯನ್ನೆಲ್ಲ ಇಳಿಸುತ್ತಾಳೆ, ಇದರಲ್ಲೇ ನೀಲಿ ಇಲ್ಲವಾ ಎನ್ನುತ್ತಾಳೆ, ನೀಲಿಯನ್ನೂ ತಂದು ಹಾಸಿದ ಮೇಲೆ ಮನೆಯವರನ್ನು ಕೇಳಿಕೊಂಡು ಬರುತ್ತೇನೆ ಅಂತ ಎದ್ದು ಹೋಗುತ್ತಾಳೆ. ಆ ರಾಶಿಯೆಲ್ಲ ದೊಡ್ಡಕ್ಕನ ಮೇಜಿಗೆ. ಮನೆಯವರನ್ನು ಕೇಳುವವಳು ಮನೆಯಲ್ಲೇ ಕೂತು ಕೇಳಬಾರದಿತ್ತೇ ಎಂದು ಗೊಣಗುತ್ತಲೇ ಅವಳು ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ಒಮ್ಮೆ ಸವರಿ ಪಕ್ಕಕ್ಕಿಡುತ್ತಾಳೆ. ಎಲ್ಲಾದರೂ ಇಲಿ ಕಚ್ಚಿದ್ದರೆ, ಎಳೆ ತಪ್ಪಿದ್ದರೆ ಆ ಭಾಗ ಒಳಗೆ ಸೇರಿಹೋಗಿ, ನೋಡುವವರಿಗೆ ಚೆಂದದ ಮುಖ ಮಾತ್ರ ಕಾಣುವಂತೆ ಮಡಿಚುವುದರಲ್ಲಿ ಅವಳ ಕೈ ಚೆನ್ನಾಗಿ ಪಳಗಿತ್ತು. ಮೋಸ ಅಲ್ಲವೇ ಎಂದರೆ, ಕೊಳ್ಳುವವರಿಗೆ ಕಣ್ಣಿಲ್ಲವೇ ಎಂದು ತಿರುಗಿ ಕೇಳುತ್ತಿದ್ದಳು.

ಮೇಜಿನ ಹಿಂದೆ ಅವಳ ಜೊತೆ ಇನ್ನಿಬ್ಬರಿದ್ದರು. ಒಬ್ಬಳು ಕನ್ನಡಕದವಳು. ಮಾತು ಕಡಿಮೆ, ಎಲ್ಲದಕ್ಕೂ ಕನ್ನಡಕ ಏರಿಸಿ 'ಹೌದೇ?' ಎನ್ನುವುದು ಜಾಸ್ತಿ. ಇನ್ನೊಬ್ಬಳು ಬಾಣಂತಿ. ಹೆರಿಗೆಯಾಗಿ ಕೆಲಸಕ್ಕೆ ವಾಪಸು ಬಂದ ದಿನ ಅಂಟಿದ ಹೆಸರು. ಮಗು ಶಾಲೆಯಲ್ಲಿ ಮಗ್ಗಿ ಹೇಳುವಂತಾದರೂ ಅಂಗಡಿಯ ಮಟ್ಟಿಗೆ ಅವಳ ಬಾಣಂತನ ಮುಗಿದಿರಲಿಲ್ಲ. ಇಬ್ಬರಿಗೂ ಕೆಲಸ ಕಲಿಸಿದವಳು ದೊಡ್ಡಕ್ಕ. ಒಬ್ಬಳಿಗೆ ಕೈ ಚುರುಕಿಲ್ಲ, ಇನ್ನೊಬ್ಬಳಿಗೆ ತಲೆಯಿಲ್ಲ ಎಂದು ಅವರೆದುರಿಗೇ ಹೇಳುತ್ತಿದ್ದಳು. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಇನ್ನು ಸಾಹುಕಾರರು. ಬಹಳ ಒಳ್ಳೆಯವರು ಎಂದು ಹೆಸರು. ಅವರು ಯಾರಿಗೂ ಬೈದವರಲ್ಲ, ಯಾರಿಗೂ ಕೆಲಸ ಬಿಡು ಎಂದವರಲ್ಲ. ಬೈಯುವುದಿದ್ದರೆ, ಬಿಡಿಸುವುದಿದ್ದರೆ ದೊಡ್ಡಕ್ಕನನ್ನು ಕೆಳಗೆ ಕರೆದು, ಗಲ್ಲಾಪೆಟ್ಟಿಗೆಯ ಪಕ್ಕ ನಿಲ್ಲಿಸಿಕೊಂಡು, ನೀನೇ ಹೇಗಾದರೂ ಹೇಳಿಬಿಡು ಎನ್ನುತ್ತಿದ್ದರು. ಅಂಗಡಿಯ ದರ್ಜಿಗೆ ಕಣ್ಣು ಮಂಜಾದಾಗ, ಬಾಗಿಲು ಕಾಯುವ ಮುದುಕ ಕೂತಲ್ಲೇ ತೂಕಡಿಸತೊಡಗಿದಾಗ, ನಾಳೆಯಿಂದ ಬರಬೇಡ ಎಂಬ ಮಾತನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿ ಮುಗಿಸಿದವಳು ಅವಳೇ. ಮುದುಕ ಅತ್ತಿದ್ದ. ಅತ್ತರೆ ಕೆಲಸ ವಾಪಸು ಬರುತ್ತದೆಯೇ ಎಂದುಕೊಂಡು ಅವಳು ಊಟದ ಡಬ್ಬಿ ಬಿಚ್ಚಿದ್ದಳು. ಸಾಹುಕಾರರ ನಂಬಿಕೆ ತನ್ನ ಮೇಲೆ ಎಷ್ಟಿದೆ ನೋಡಿ ಎಂಬ ಜಂಬವೂ ಅವಳಿಗೆ ಇತ್ತು.

ಈ ನಡುವೆ ಸಾಹುಕಾರರ ಮಗಳು ಓದು ಮುಗಿಸಿ ಬಂದು ಅಂಗಡಿಯಲ್ಲಿ ಕೂರತೊಡಗಿದಳು. ಬಂದ ವಾರವೇ ಅಳತೆಪಟ್ಟಿ ಹಿಡಿದು ಮಹಡಿಯನ್ನೆಲ್ಲ ಅಳೆದಳು. ಬಟ್ಟೆಯನ್ನೆಲ್ಲ ಹ್ಯಾಂಗರಿಗೆ ತೂಗುಹಾಕುತ್ತಾರಂತೆ, ಗಿರಾಕಿಯೇ ಬಂದು ಮುಟ್ಟಿ ನೋಡಿ ತೆಗೆದುಕೊಳ್ಳುತ್ತಾನಂತೆ, ಬಿಚ್ಚುವುದೂ ಇಲ್ಲ ಮಡಿಚುವುದೂ ಇಲ್ಲವಂತೆ ಎಂಬ ಸುದ್ದಿ ಮೆಟ್ಟಿಲು ಹತ್ತಿ ಬಂತು. ತೂಗುಹಾಕಲು ಇದೇನು ಮಾಂಸದಂಗಡಿಯೇ ಎಂದು ದೊಡ್ಡಕ್ಕ ನಕ್ಕಳು. ಆದರೆ ಆ ರಾತ್ರಿ ಮನೆಯ ಖರ್ಚನ್ನು ಎರಡೆರಡು ಸಲ ಲೆಕ್ಕ ಹಾಕಿದಳು. ಗಂಡ ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟು ಹರಿಯುವವನಾಗಿದ್ದ; ಚಿತ್ರಮಂದಿರ ಮುಚ್ಚಿ, ಅವನು ಮನೆಯಲ್ಲಿ ಕೂತು ತನ್ನ ತಾಯಿಯ ಜೊತೆ ಜಗಳವಾಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದ. ಮೂರು ಹೊಟ್ಟೆ ತುಂಬುತ್ತಿದ್ದದ್ದು ಆ ಮೇಜಿನಿಂದ. ಅದು ಹೋದರೆ ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ?

ಅಷ್ಟರಲ್ಲಿ ಸಾಹುಕಾರರು ಪ್ರವಾಸ ಘೋಷಿಸಿದರು. ಅಂಗಡಿಗೆ ಇಪ್ಪತ್ತೈದು ತುಂಬಿತು, ಎಲ್ಲರನ್ನೂ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ, ಬಸ್ಸು ನನ್ನದು, ಊಟ ನನ್ನದು ಎಂದರು. ಅಲ್ಲಿನ ಬಂಡೆ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರಂತೆ. ಕಲ್ಲು ನೋಡಲು ಅಷ್ಟು ದೂರ ಯಾಕೆ, ನಮ್ಮ ಬೀದಿಯಲ್ಲೇ ದಿನಾ ಎಡವುತ್ತೇನೆ ಎಂದಳು ದೊಡ್ಡಕ್ಕ. ಹಾಗೆ ಅಂದವಳು ಹಿಂದಿನ ದಿನವೇ ತನ್ನ ಒಳ್ಳೆಯ ಚಪ್ಪಲಿಗೆ ಹೊಲಿಗೆ ಹಾಕಿಸಿದಳು. ಅವಳು ಸಮುದ್ರ ನೋಡಿರಲಿಲ್ಲ.

ಬಸ್ಸು ನಿಂತಲ್ಲಿಂದ ಕೆಳಗಿಳಿಯಲು ಮೆಟ್ಟಿಲು ಕಡಿದಿದ್ದರು. ಇಳಿದರೆ ಒಂದು ಕಡೆ ನೀರು, ಇನ್ನೊಂದು ಕಡೆ ಕತ್ತೆತ್ತಿ ನೋಡಬೇಕಾದ ಬಂಡೆಯ ಗೋಡೆ. ಗೋಡೆಯುದ್ದಕ್ಕೂ ಕಂದು, ಬೂದಿ, ಮಾಸಲು ಬಿಳಿ ಬಣ್ಣದ ಪಟ್ಟೆಗಳು. ಅವು ನೆಟ್ಟಗೆ ಹೋಗುವುದು ಬಿಟ್ಟು ಮೇಲಕ್ಕೆ ಬಾಗಿ, ಕೆಳಕ್ಕಿಳಿದು, ಒಂದು ಕಡೆಯಂತೂ ಪೂರಾ ತಿರುಗಿ ತಮ್ಮ ಮೇಲೆ ತಾವೇ ಮಲಗಿದ್ದವು. ಬುಡವನ್ನು ಅಲೆ ಕೊರೆದು ಗವಿ ಮಾಡಿತ್ತು. ಗೋಡೆಯಿಂದ ಕಳಚಿಕೊಂಡ ಬಂಡೆಯೊಂದು ನೀರಿನ ನಡುವೆ ಒಂಟಿಯಾಗಿ ನಿಂತಿತ್ತು, ಅದರ ನೆತ್ತಿಯನ್ನು ಹಕ್ಕಿಗಳು ಹೇತು ಬೆಳ್ಳಗೆ ಮಾಡಿದ್ದವು.

ಜಾಗ ತೋರಿಸಲು ಬಂದವನು ಮೈಕು ಹಿಡಿದು, ಅಲೆಯ ಸದ್ದನ್ನೂ ಮೀರಿ ಕಿರುಚಿದ. ಇದೆಲ್ಲ ಮೊದಲು ಸಮುದ್ರದ ತಳದಲ್ಲಿ ಚಪ್ಪಟೆಯಾಗಿ ಮಲಗಿದ್ದ ಕೆಸರಂತೆ. ಗಟ್ಟಿಯಾಗಿ ಕಲ್ಲಾಯಿತಂತೆ. ಆಮೇಲೆ ಎರಡೂ ಕಡೆಯಿಂದ ಭೂಮಿ ಒತ್ತಿ ಒತ್ತಿ, ಮುರಿಯದ ಹಾಗೆ ನಿಧಾನವಾಗಿ ಮಡಿಚಿತಂತೆ. ಈಗ ಅಲೆ ಒಂದೊಂದೇ ಚೂರು ತಿನ್ನುತ್ತಾ ಒಳಗಿದ್ದದ್ದನ್ನು ಹೊರಗೆ ತೋರಿಸುತ್ತಿದೆಯಂತೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ಕೆಟ್ಟದಾಗಿ ಮಡಿಚಿದ್ರೆ ನಮ್ಮ ಸಾಹುಕಾರ್ರು ಅವತ್ತೇ ಮನೆಗೆ ಕಳಿಸ್ತಿದ್ರು," ಎಂದಳು.

ಮಾರಾಟದ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರ ಮಗಳೂ ನಕ್ಕಳು. ಸಾಹುಕಾರರು ಮಾತ್ರ ಚಪ್ಪಲಿಯೊಳಗೆ ಹೊಕ್ಕ ಮರಳು ಕೊಡವಲು ಬಗ್ಗಿದರು.

ಆಮೇಲಿನದ್ದು ದೊಡ್ಡಕ್ಕನಿಗೆ ಬರೀ ಜನರ ಮಂಗಾಟವಾಗಿ ಕಂಡಿತು. ಬಂಡೆಗೆ ಬೆನ್ನು ಕೊಟ್ಟು ಮುಖ ಸೊಟ್ಟ ಮಾಡಿ ಫೋಟೋ ತೆಗೆಸಿಕೊಳ್ಳುವವರು, ನೀರು ಕಾಲಿಗೆ ತಾಕಿದರೆ ಹಾವು ಕಚ್ಚಿದ ಹಾಗೆ ಕೂಗುವವರು, ಕೈಬೀಸಿ ಸಮುದ್ರಕ್ಕೇ ಟಾಟಾ ಮಾಡುವವರು. ಅಷ್ಟು ದೊಡ್ಡ ಗೋಡೆಯನ್ನು ಅಂಗೈಯಗಲದ ಫೋನಿನಲ್ಲಿ ನೋಡುವುದಾದರೆ ಮನೆಯಲ್ಲೇ ನೋಡಬಹುದಿತ್ತಲ್ಲ ಎಂದುಕೊಂಡಳು. ಸಾಹುಕಾರರು ಬಾಣಂತಿಯನ್ನು ಕರೆದುಕೊಂಡು ಗವಿಯ ಕಡೆ ಹೋಗಿ ಬಂದರು. ಆಮೇಲೆ ಕನ್ನಡಕದವಳನ್ನು. ಇವರಿಬ್ಬರಿಗೆ ಕಲ್ಲಿನ ವಿಷಯ ಅರ್ಥ ಮಾಡಿಸುವುದೂ ಒಂದೇ, ಕಲ್ಲಿಗೆ ಅರ್ಥ ಮಾಡಿಸುವುದೂ ಒಂದೇ ಎಂದು ಅವಳಿಗೆ ನಗು ಬಂತು.

ಕೊನೆಗೆ ಅವಳನ್ನು ಕರೆದರು. ಪಟ್ಟೆಗಳು ತಿರುಗಿ ಮಲಗಿದ್ದ ಜಾಗದ ಕೆಳಗೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡರು.

"ದೊಡ್ಡಕ್ಕ, ನಿನ್ನ ಹತ್ರ ಮುಚ್ಚಿಡೋದೇನಿದೆ. ಮುಂದಿನ ತಿಂಗಳಿಂದ ಮಡಿಚೋ ಮೇಜು ಇರಲ್ಲ. ಆದ್ರೆ ಬಾಗಿಲ ಹತ್ರ ಗಿರಾಕಿಗಳ ಚೀಲ ಇಸ್ಕೊಂಡು ಚೀಟಿ ಕೊಡೋಕೆ ಒಬ್ರು ಬೇಕು. ಅದು ನಿನಗೇ ಅಂತ ಇಟ್ಟಿದೀನಿ. ಉಳಿದಿಬ್ರಿಗೆ ನೀನೇ ಹೇಗಾದ್ರೂ ಹೇಳ್ಬಿಡು. ನನ್ನ ಕೈಲಿ ಆಗಲ್ಲ."

"ಆಗ್ಲಿ ಸಾಹುಕಾರ್ರೇ," ಎಂದಳು ದೊಡ್ಡಕ್ಕ. ಎಷ್ಟು ಬೇಗ ಅಂದಳೆಂದರೆ ಸಾಹುಕಾರರೇ ಒಂದು ಗಳಿಗೆ ಅವಳ ಮುಖ ನೋಡಿದರು.

ಅವರು ಹೋದ ಮೇಲೆ ಅವಳು ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಎದೆಯ ಮೇಲಿದ್ದ ಭಾರ ಇಳಿದಿತ್ತು. ತಲೆಯೆತ್ತಿ ನೋಡಿದರೆ, ಬಂಡೆ ಎಷ್ಟು ಚೆನ್ನಾಗಿತ್ತು! ಬಿಸಿಲು ಬಿದ್ದು ಕಂದು ಪಟ್ಟೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಅಷ್ಟು ಗಟ್ಟಿಯಾದದ್ದು ಅಷ್ಟು ಮೆತ್ತಗೆ ಬಾಗಿದ್ದನ್ನು ನೋಡಿ ಅವಳ ಕೈ ತಾನಾಗಿ ಮೇಲೆದ್ದು ಆ ಬಾಗನ್ನು ಗಾಳಿಯಲ್ಲಿ ಸವರಿತು. ನೀರು ಬಂದು ಗವಿಯೊಳಗೆ ಗುಡುಗಿ, ಬೆಳ್ಳಗೆ ನೊರೆಯಾಗಿ ವಾಪಸು ಹೋಗುವುದನ್ನು ಅವಳು ಎಷ್ಟೋ ಹೊತ್ತು ನೋಡಿದಳು. ಬಾಗಿಲ ಹತ್ತಿರದ ಕೆಲಸ ಎಂದರೆ ಕೂರಲು ಕುರ್ಚಿ ಇರುತ್ತದೆ. ಮಂಡಿನೋವಿಗೆ ಅದೇ ಒಳ್ಳೆಯದು. ಕನ್ನಡಕದವಳಿಗೆ ಅಣ್ಣನ ಮನೆಯಿದೆ, ಬಾಣಂತಿಗೆ ಇನ್ನೂ ವಯಸ್ಸಿದೆ, ಎಲ್ಲಾದರೂ ದುಡಿದುಕೊಳ್ಳುತ್ತಾರೆ ಎಂದು ಅವಳ ಮನಸ್ಸು ಲೆಕ್ಕ ಚುಕ್ತಾ ಮಾಡಿ ಮತ್ತೆ ನೀರು ನೋಡಿತು.

ಊಟದ ಹೊತ್ತಿಗೆ ಮೂವರೂ ಜೊತೆಗೇ ಕೂತರು. ಪೊಟ್ಟಣದ ಜೊತೆ ಒಂದೊಂದು ಬಾಳೆಹಣ್ಣು ಕೊಟ್ಟಿದ್ದರು. ದೊಡ್ಡಕ್ಕ ತನ್ನ ಹಣ್ಣನ್ನು, ಮಗುವಿಗೆ ಇಟ್ಟುಕೋ ಎಂದು ಬಾಣಂತಿಯ ಮುಂದೆ ಇಟ್ಟಳು. ಬಾಣಂತಿ ತನ್ನದನ್ನು ಕನ್ನಡಕದವಳಿಗೆ ಕೊಟ್ಟಳು. ಕನ್ನಡಕದವಳು, ನನಗೆ ಬೇಡವೇ ಬೇಡ, ನೀವು ತಿನ್ನಿ ಅಂತ ಎರಡನ್ನೂ ದೊಡ್ಡಕ್ಕನ ಕಡೆ ತಳ್ಳಿದಳು. ಹಣ್ಣುಗಳು ಹೀಗೆ ಸುತ್ತು ಹೊಡೆದು ಕೊನೆಗೆ ಯಾರೂ ತಿನ್ನದೆ ಕಾಗದದ ಮೇಲೆ ಉಳಿದವು. ಇವತ್ತು ಇವರಿಗೆ ಏನಾಗಿದೆ ಎಂದುಕೊಂಡಳು ದೊಡ್ಡಕ್ಕ. ಪಾಪ, ಇಬ್ಬರೂ ಎಷ್ಟು ಖುಷಿಯಾಗಿದ್ದಾರೆ, ಈಗ ಹೇಳಬೇಕಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಣಂತಿ ಅವಳ ಕೈ ಹಿಡಿದುಕೊಂಡಳು.

"ಅಕ್ಕಾ, ನೀನು ಬೇಜಾರು ಮಾಡ್ಕೋಬಾರ್ದು. ಸಾಹುಕಾರ್ರು ನನಗೆ ಹೇಳು ಅಂದ್ರು. ಮುಂದಿನ ತಿಂಗಳಿಂದ ಮೇಜು ಇರಲ್ಲಂತೆ. ನನಗೊಂದು ಬಾಗಿಲ ಹತ್ರ..."

ಕನ್ನಡಕದವಳು ಕನ್ನಡಕ ಏರಿಸಲಿಲ್ಲ, ಹೌದೇ ಎಂದೂ ಕೇಳಲಿಲ್ಲ. ಕನ್ನಡಕವನ್ನೇ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನನಗೂ ಅದೇ ಹೇಳಿದ್ರು," ಎಂದಳು. "ನಿಮ್ಮಿಬ್ರಿಗೂ ನಾನು ಹೇಳ್ಬೇಕು ಅಂದ್ರು."

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಾಣಂತಿ ಹಿಡಿದ ಕೈಯನ್ನು ಬಿಡುವುದೋ ಬೇಡವೋ ತಿಳಿಯದೆ ಹಿಡಿದೇ ಕೂತಳು. ಅಷ್ಟರಲ್ಲಿ ಬಂಡೆಯ ಕೆಳಗಿನಿಂದ ಸಾಹುಕಾರರು ಚಪ್ಪಾಳೆ ತಟ್ಟಿ ಎಲ್ಲರನ್ನೂ ಗುಂಪು ಫೋಟೋಗೆ ಕರೆದರು. ಹಳಬರು ಮೂವರೂ ನನ್ನ ಪಕ್ಕ ನಿಲ್ಲಬೇಕು ಎಂದು ಬೇರೆ ಹೇಳಿ ಕಳಿಸಿದರು.

ದೊಡ್ಡಕ್ಕ ಹೋದಳು, ಪಕ್ಕದಲ್ಲೇ ನಿಂತಳು. ಫೋಟೋದವನು ಫೋನು ಎತ್ತಿದಾಗ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು.

"ಸಾಹುಕಾರ್ರೇ, ಬಾಗಿಲ ಹತ್ರ ಚೀಲ ನೋಡೋ ಕೆಲಸ ನಮ್ಮ ಮೂವರಲ್ಲಿ ಯಾರಿಗೆ?"

ಸಾಹುಕಾರರು ಬಹಳ ಆಸಕ್ತಿಯಿಂದ ಒಂಟಿ ಬಂಡೆಯ ಮೇಲಿನ ಹಕ್ಕಿಗಳನ್ನು ನೋಡಿದರು. ಉತ್ತರ ಕೊಟ್ಟವಳು ಅವರ ಮಗಳು. ಆ ಹುಡುಗಿಗೆ ಮುಚ್ಚಿಡುವುದು ಇನ್ನೂ ಬಂದಿರಲಿಲ್ಲ.

"ಬಾಗಿಲಿಗಾ? ಅದಕ್ಕೆ ಹೊರಗಿನ ಕಂಪನಿಯಿಂದ ಕಾವಲಿನವರು ಬರ್ತಾರಲ್ಲ, ಒಪ್ಪಂದ ಆಗಿದೆ. ಅಪ್ಪಾ, ಇವರಿಗೆ ನೀವು ಹೇಳೇ ಇಲ್ವಾ?"

"ಇವತ್ತೊಂದು ದಿನ ಖುಷಿಯಾಗಿ ನೋಡ್ಲಿ ಅಂತ..." ಎಂದರು ಸಾಹುಕಾರರು. ಧ್ವನಿಯಲ್ಲಿ ನಿಜವಾದ ಕರುಣೆಯಿತ್ತು. ಮೂವರ ಮೂಗಿಗೂ ಒಂದೇ ಬೆರಳಿನಲ್ಲಿ ತುಪ್ಪ ಸವರಿದ ಮನುಷ್ಯ ತಾನು ಉಪಕಾರವನ್ನೇ ಮಾಡಿದೆನೆಂದು ನಂಬಿದ್ದ.

ದೊಡ್ಡಕ್ಕನ ನಾಲಿಗೆಯ ತುದಿಗೆ ಬೇಕಾದಷ್ಟು ಬಂತು. ಜೀವಮಾನವಿಡೀ ಊರಿಗೆಲ್ಲ ಹಂಚಿದ ತಿರಸ್ಕಾರ ಇವತ್ತು ಒಂದು ಯೋಗ್ಯ ಜಾಗಕ್ಕೆ ಬಂದು ನಿಂತಿತ್ತು. ಆದರೆ ಒಂದೇ ಒಂದು ಮಾತು ಹೊರಡಲಿಲ್ಲ. ಖುಷಿಯಾಗಿ ನೋಡಿದ್ದು ನಿಜವಾಗಿತ್ತು. ಬಾಣಂತಿಯ ಮಗುವಿನ ಅನ್ನ ಹೋಗುತ್ತದೆಂದು ಗೊತ್ತಿದ್ದೇ ಅವಳು ಆ ಕಲ್ಲಿನ ಮೇಲೆ ಕೂತು, ಕಣ್ತುಂಬ, ಹಾಯಾಗಿ ನೋಡಿದ್ದಳು. ಸಾಹುಕಾರರ ಮೇಲೆ ಆದಷ್ಟೇ ಹೇಸಿಗೆ ಅವಳಿಗೆ ತನ್ನ ಮೇಲೂ ಆಯಿತು. ಫೋಟೋದವನು ಕಾದು ಕಾದು ಫೋನು ಇಳಿಸಿದ.

ವಾಪಸು ಬರುವುದಕ್ಕೂ ಅವರದೇ ಬಸ್ಸು, ಬೇರೆ ದಾರಿಯಿರಲಿಲ್ಲ. ಮೂವರೂ ಮೂರು ಕಡೆ ಕೂತರು. ಮುಂದಿನ ಸೀಟಿನಲ್ಲಿ ಬಾಣಂತಿಯ ಹೆಗಲು ಅಲುಗುವುದು ದೊಡ್ಡಕ್ಕನಿಗೆ ಕಾಣುತ್ತಿತ್ತು. ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕೆನ್ನಿಸಿತು. ಯಾವ ಮುಖ ಹೊತ್ತು ಹೋಗುವುದು ಎಂದು ಕೂತಲ್ಲೇ ಕೂತಳು. ಅರ್ಧ ದಾರಿ ಕಳೆದ ಮೇಲೆ ಎದ್ದು ಹೋಗಿ ಕೂತಳು. ಬಾಣಂತಿ ಸರಿದು ಜಾಗ ಬಿಟ್ಟಳೇ ಹೊರತು ತಿರುಗಿ ನೋಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದಳು. ಗಂಡನಿಗೂ ಅತ್ತೆಗೂ ಹೊಸ್ತಿಲಲ್ಲೇ ನಿಂತು, ಕೆಲಸ ಹೋಯಿತು ಎಂದು ನೇರವಾಗಿ ಹೇಳಿದಳು. ಗಂಡ ಗೋಡೆಗೆ ಒರಗಿದ. ಅತ್ತೆ ಎದ್ದು ಹೋಗಿ ಒಂದು ಲೋಟ ನೀರು ತಂದು ಸೊಸೆಯ ಕೈಗೆ ಕೊಟ್ಟಳು. ಅವಳು ಕುಡಿದು ಮುಗಿಸುವವರೆಗೂ ಕಾದಳು.

"ಸಮುದ್ರ ನೋಡಿದ್ಯಲ್ಲ, ಹೇಗಿತ್ತೇ?" ಎಂದು ಮೆಲ್ಲಗೆ ಕೇಳಿದಳು.

"ಸ್ವಲ್ಪ ಹೊತ್ತು ಚೆನ್ನಾಗಿತ್ತು ಅತ್ತೆ," ಎಂದಳು ದೊಡ್ಡಕ್ಕ.