ಚಮಚದಲ್ಲಿ ಉರಿದದ್ದು

ಕುವೈತಿನಲ್ಲಿ ಸಾರಾಯಿ ಮಾರುವಂತಿಲ್ಲ, ಕುಡಿಯುವಂತಿಲ್ಲ. ಆದರೂ ಅಲ್ಲಿ ಕೆಲಸಕ್ಕಿದ್ದ ನಮ್ಮೂರ ಗಂಡಸರು ಕದ್ದು ಕುಡಿಯುತ್ತಿದ್ದರು. ತೊಂಬತ್ತರಲ್ಲಿ ಇರಾಕಿನ ಸೈನ್ಯ ಬಂದು ಕೆಲಸ ನಿಂತ ಮೇಲೆ ಕುಡಿತ ಇನ್ನೂ ಹೆಚ್ಚಾಯಿತು.

ಒಂದು ಮಧ್ಯಾಹ್ನ ಮೈದುನ ಶುಐಬಾದ ಕಾರ್ಖಾನೆಗಳ ಕಡೆಯಿಂದ ಒಂದು ಬಾಟಲಿ ತಂದ.

“ಇದು ಎಂತದ್ದು ಅಂತ ಗೊತ್ತುಂಟಾ?” ಎಂದು ಕೇಳಿದೆ.

“ನೋಡಿ ಅತ್ತಿಗೆ,” ಎಂದು ಚಮಚಕ್ಕೆ ಸ್ವಲ್ಪ ಸುರಿದು ಕಡ್ಡಿ ಗೀರಿದ. ಊರಲ್ಲಿ ಕಳ್ಳಭಟ್ಟಿ ಒಳ್ಳೆಯದೋ ಅಲ್ಲವೋ ಎಂದು ಹೀಗೇ ನೋಡುವುದು. ನೀಲಿಯಾಗಿ ಉರಿಯಿತು. “ಒಳ್ಳೆ ಮಾಲು.”

ನನ್ನ ಗಂಡ ನಕ್ಕರು. “ನಿನ್ನ ಸಾರಿಗಿಂತ ರುಚಿ ಇರಬಹುದು ಮಾರಾಯ್ತಿ.”

ಇಬ್ಬರೂ ಕುಡಿದರು. ಮೈದುನ ಕುಡಿದದ್ದನ್ನೆಲ್ಲ ಕಕ್ಕಿದ, ಬಚಾವಾದ. ಇವರು ಮರುದಿನ ಎದ್ದು ಕೋಣೆಯೆಲ್ಲ ಮಂಜು ಎಂದರು.

“ಅಮಲು ಇಳಿಯಲಿ ಅತ್ತಿಗೆ, ಮಲಗಲಿ,” ಎಂದ ಮೈದುನ. ನಾನು ಕೇಳಲಿಲ್ಲ, ಕೈಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದೆ. ಅದು ಕಾರ್ಖಾನೆಯ ಸ್ಪಿರಿಟ್, ವಿಷ, ಅದೂ ನೀಲಿಯಾಗಿಯೇ ಉರಿಯುತ್ತದೆ ಎಂದರು ಡಾಕ್ಟರು. ಜೀವ ಉಳಿಯಿತು. ಕಣ್ಣು ಹೋಯಿತು.

ಊರಿಗೆ ಹೊರಟಾಗ ಜೋರ್ಡಾನಿನ ತನಕ ಬಸ್ಸು. ದಾರಿಯಲ್ಲಿ ಇವರು, “ಹೊರಗೆ ಎಂತ ಕಾಣ್ತದೆ?” ಎಂದು ಕೇಳಿದರು. “ಮರಳು,” ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. “ಮರಳೇ,” ಎಂದೆ.