ವಾಪಸು ಬಂದ ಬಾಡಿಗೆ

೧೯೬೧ರಲ್ಲಿ ನಾನು ಶಾಲೆ ಬಿಟ್ಟೆ. ವಿಜಾಪುರದ ಕಡೆಯ ನಮ್ಮೂರಿನಲ್ಲಿ ಆಗ ಏಳನೆಯ ಇಯತ್ತೆ. ಫೀ ಬಾಕಿ ಇದೆಯೆಂದು ಮಾಸ್ತರರು ಎಲ್ಲರ ಮುಂದೆ ಹೆಸರು ಕರೆದು ನಿಲ್ಲಿಸಿದರು. ಚೀಲ ಎತ್ತಿಕೊಂಡು ಹೊರಗೆ ಬಂದೆ. ಮರುದಿನ ಅಪ್ಪ ಹಣ ಹೊಂದಿಸಿ ಕೊಟ್ಟರೂ ಹೋಗಲಿಲ್ಲ. ಹಾಗೆ ಹೊರಗೆ ಬಂದದ್ದರ ಬಗ್ಗೆ ಬಹಳ ವರ್ಷ ನನಗೆ ಅಭಿಮಾನವಿತ್ತು.

ಮುಂದೆ ಲೇಥ್ ಕೆಲಸ ಕಲಿತು ಮುಂಬಯಿ ಪಕ್ಕದ ಠಾಣೆ ಊರಿನ ಕಾರ್ಖಾನೆಯೊಂದರಲ್ಲಿ ಟರ್ನರ್ ಆದೆ. ಆರು ವರ್ಷದ ಓವರ್‌ಟೈಮ್ ಕೂಡಿಸಿ, ಕಲ್ಯಾಣದಲ್ಲಿ ವಠಾರದಂಥ ಒಂದು ಚಾಳಿನಲ್ಲಿ ಪಗಡಿಯೆಂಬ ಇಡುಗಂಟು ಕೊಟ್ಟು ಖೋಲಿ ಹಿಡಿದೆ. ಪಗಡಿ ಕೊಟ್ಟ ಖೋಲಿಯೆಂದರೆ ಅರ್ಧ ನಮ್ಮದೇ ಇದ್ದ ಹಾಗೆ. ತಿಂಗಳ ಬಾಡಿಗೆ ಕಟ್ಟುತ್ತಿರುವ ತನಕ ಯಾರೂ ಎಬ್ಬಿಸುವಂತಿಲ್ಲ. ನಾನು ಮತ್ತು ನನ್ನ ಹೆಂಡತಿ ಈ ಮುಂಬಯಿ ಸೀಮೆಯಲ್ಲಿ ಸಂಪಾದಿಸಿದ್ದು ಆ ಒಂದು ಖೋಲಿ.

೧೯೮೩ರ ಮಳೆಗಾಲದ ಕೊನೆಗೆ ಓವರ್‌ಟೈಮ್ ನಿಂತಿತು. ಕಾರ್ಖಾನೆಯಲ್ಲಿ ಒಂದೊಂದೇ ಯಂತ್ರಕ್ಕೆ ತಾಡಪತ್ರಿ ಹೊದಿಸತೊಡಗಿದರು. ಒಂದು ರವಿವಾರ ಮುಂಜಾನೆ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಿಂಗಳು ತಿಂಗಳು ಕೈಬಿಟ್ಟು ಹೋಗುವ ದುಡ್ಡನ್ನೆಲ್ಲ ಬರೆದೆ. ಹಾಲು, ಪೇಪರು, ಕಾದಂಬರಿ ತರುತ್ತಿದ್ದ ಲೈಬ್ರರಿ, ಕನ್ನಡ ಸಂಘದ ವಂತಿಗೆ, ಗೂರ್ಖಾ, ರೇಲ್ವೆ ಪಾಸು, ಬಾಡಿಗೆ, ಚಾಳಿನ ಕಮಿಟಿ.

“ಲೈಬ್ರರಿ ಬಿಡ್ರಿ,” ಎಂದಳು ಅವಳು. “ಪೇಪರೂ ಬಿಡ್ರಿ. ಗೂರ್ಖಾ ನಮ್ಮ ಮನ್ಯಾಗ ಏನ್ ಕಾಯ್ತಾನ, ನಿಮ್ಮ ಹರಕ ಚಪ್ಪಲ್ಲೇನು?”

ನಗುತ್ತಲೇ ಗೆರೆ ಹೊಡೆಯುತ್ತ ಹೋದೆ. ಪಾಸಿನ ಮೇಲೆ ಹೊಡೆಯುವಂತಿರಲಿಲ್ಲ. ಕಮಿಟಿಯ ಮೇಲೆ ಪೆನ್ಸಿಲ್ ಇಟ್ಟಾಗ ಅವಳ ನಗು ನಿಂತಿತು.

ನಮ್ಮ ಚಾಳಿನ ಮಾಲೀಕ ಉಲ್ಹಾಸನಗರದ ಬಟ್ಟೆ ಅಂಗಡಿಯ ಸೇಠ. ಚಾಳು ಕೆಡವಿ ನಾಲ್ಕು ಮಾಳಿಗೆಯ ಕಟ್ಟಡ ಎಬ್ಬಿಸುವ ಮನಸ್ಸು ಅವನಿಗೆ. ಬಾಡಿಗೆ ವಸೂಲಿಗೆ ಆಳನ್ನು ಕಳಿಸುವುದನ್ನೇ ಬಿಟ್ಟಿದ್ದ. ನಾವೇ ಮನಿಯಾರ್ಡರ್ ಮಾಡುತ್ತಿದ್ದೆವು. ಹದಿನಾಲ್ಕೂ ಖೋಲಿಯವರು ಕಮಿಟಿ ಮಾಡಿ, ತಿಂಗಳಿಗೆ ಹತ್ತು ರೂಪಾಯಿಯಂತೆ ಹಾಕಿ ವಕೀಲನನ್ನು ಇಟ್ಟಿದ್ದೆವು.

“ಅದೊಂದ ಬ್ಯಾಡ್ರಿ. ಬೇಕಾರ ನನ್ನ ಚಹಾ ಬಿಡತೀನಿ.”

“ನಾ ಒಂದ್ ತಿಂಗಳರೆ ಬಾಡಿಗಿ ತಪ್ಪಿಸೀನೇನು? ಬಾಕಿ ಇಟ್ಟಾವ್ರಿಗೆ ವಕೀಲ ಬೇಕು.”

ಗೆರೆ ಹೊಡೆದೆ.

ಕಮಿಟಿಯ ದುಡ್ಡು ಕೂಡಿಸುತ್ತಿದ್ದವರು ಪಕ್ಕದ ಖೋಲಿಯ ಉಡುಪಿಯವರು, ಡೊಂಬಿವಲಿಯ ಹೋಟೆಲೊಂದರಲ್ಲಿ ಗಲ್ಲಾ ನೋಡುತ್ತಿದ್ದವರು. ವಿಷಯ ತಿಳಿದು ಅವತ್ತು ಸಂಜೆಯೇ ಬಂದರು.

“ಹೆಸರು ತೆಗೀಬೇಡಿ ಮಾರಾಯ್ರೆ. ನಿಮ್ಮ ಹತ್ತು ರೂಪಾಯಿ ನಾನು ಹಾಕ್ತೇನೆ, ಆದಾಗ ಕೊಡಿ.”

“ಬ್ಯಾಡ್ರಿ ಅಣ್ಣಾರ.”

“ಲೋಕಲ್ ಟ್ರೇನಿನಲ್ಲಿ ಯಾರಾದ್ರೂ ಸರಿದು ಜಾಗ ಕೊಟ್ರೆ ಕೂರ್ತೀರಾ ಇಲ್ವಾ?”

“ಇಲ್ರಿ. ಠಾಣಾ ತನಕಾ ನಿಂತಽ ಹೋಗ್ತೀನಿ.”

ಅವರು ಎದ್ದು ಹೋದರು. ಪಟ್ಟಿಯಲ್ಲಿ ಹದಿಮೂರು ಖೋಲಿ ಉಳಿದವು.

ಎರಡು ತಿಂಗಳ ಮೇಲೆ ನನ್ನ ಮನಿಯಾರ್ಡರ್ ವಾಪಸು ಬಂತು. “ಸೇಠ್ ಲೇತಾ ನಹೀ, ಭಾವೂ,” ಎಂದು ಪೋಸ್ಟ್‌ಮ್ಯಾನ್ ಹಣ ಎಣಿಸಿ ಕೊಟ್ಟ. ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಇಂಗ್ಲಿಷಿನ ಒಂದೇ ಶಬ್ದ. ಮುಂದಿನ ತಿಂಗಳೂ ಬಂತು, ಅದರ ಮುಂದಿನದೂ ಬಂತು. ನಿಯತ್ತಿನ ಬಾಡಿಗೆದಾರನಿಂದ ತೆಗೆದುಕೊಳ್ಳಲು ಸೇಠನಿಗೆ ಸಂಕೋಚವಾಗಿರಬೇಕು ಎಂದುಕೊಂಡೆ. ಸುಮ್ಮನೆ ಮನಿಯಾರ್ಡರ್ ಖರ್ಚು ಯಾಕೆ ಎಂದು ನಾಲ್ಕನೆಯ ತಿಂಗಳಿಗೆ ಕಳಿಸುವುದನ್ನೇ ಬಿಟ್ಟೆ. ಕ್ಯಾಲೆಂಡರಿನ ಹಿಂದೆ ‘ಬಾಡಿಗೆ’ಯ ಮೇಲೂ ಗೆರೆ ಬಿತ್ತು. ಆ ಹಣದಲ್ಲಿ ಹೆಂಡತಿಗೆ ಹಳೆಯದೊಂದು ಹೊಲಿಗೆ ಯಂತ್ರ ತಂದುಕೊಟ್ಟೆ. ಅವಳು ಅದರ ಮೇಲೆ ಕೈ ಆಡಿಸಿದಳು, ಆದರೆ ಕೂರಲಿಲ್ಲ.

“ನಳದ ಹತ್ರ ಮಾತಾಡಿದ್ರು. ಎಲ್ಲಾರ್ದೂ ವಾಪಸ್ ಬರಾಕತ್ತೈತಂತ. ಕಮಿಟಿಯವ್ರು ಅದನ್ನ ವಕೀಲನ ಕಡೆಯಿಂದ ಕೋರ್ಟಿನ್ಯಾಗ ಕಟ್ಟತಾರಂತ.”

“ಕೈಗೆ ಬಂದ ರೊಕ್ಕಾ ಯಾವ ಶಾಣ್ಯಾ ಕೋರ್ಟಿಗೆ ಕೊಡ್ತಾನ?” ಎಂದೆ ನಾನು.

ಬೇಸಿಗೆಯಲ್ಲಿ ಸೇಠನ ಗುಮಾಸ್ತ ಟೇಪು ಹಿಡಿದು ಬಂದ. ಗೋಡೆ, ಮೆಟ್ಟಿಲು, ಕಕ್ಕಸು ಎಲ್ಲ ಅಳೆದ. ಹೋಗುವಾಗ ಹದಿಮೂರು ಬಾಗಿಲಿಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು, ನಮ್ಮ ಬಾಗಿಲಿಗೆ ಮಾತ್ರ ಒಂದು ಸೊನ್ನೆ ಸುತ್ತಿದ. “ತುಮ್ ಕಮಿಟಿ ಮೇ ನಹೀ ನಾ? ಸೀಧಾ ಆದ್ಮೀ,” ಎಂದು ನನ್ನ ಹೆಗಲು ತಟ್ಟಿದ. ನಾನು ಎದೆ ಸೆಟೆಸಿಯೇ ನಿಂತಿದ್ದೆ. ಅವನು ಹೋದ ಮೇಲೆ ಹೆಂಡತಿ ಒದ್ದೆ ಅರಿವೆಯಿಂದ ಸೊನ್ನೆ ಒರೆಸಿದಳು. ಎಂಟು ದಿನಕ್ಕೆ ಮತ್ತೆ ಬಂದು ಅದೇ ಜಾಗದಲ್ಲಿ ಸುತ್ತಿದ. ಅವಳು ಮತ್ತೆ ಒರೆಸಲಿಲ್ಲ.

ಆಮೇಲೆ ರಿಜಿಸ್ಟರ್ ಪತ್ರ ಬಂತು. ಇಂಗ್ಲಿಷಿನಲ್ಲಿ ನನಗೆ ಬರೆಯಲು ಬರುತ್ತಿದ್ದದ್ದು ನನ್ನ ಸಹಿ ಒಂದೇ. ಅದನ್ನು ಚೆಂದವಾಗಿ ಹಾಕಿ ಪತ್ರ ತೆಗೆದುಕೊಂಡೆ. ಒಳಗೆ ಖೋಲಿಯ ನಂಬರು ಗುರುತು ಸಿಕ್ಕಿತು, ಬಾಡಿಗೆಯ ಅಂಕಿ ಗುರುತು ಸಿಕ್ಕಿತು. ಉಳಿದದ್ದು ತಿಳಿಯಲಿಲ್ಲ. ಚಾಳಿನಲ್ಲಿ ಇಂಗ್ಲಿಷ್ ಓದಬಲ್ಲವರು ಉಡುಪಿಯವರೊಬ್ಬರೇ.

“ಅಣ್ಣಾರಿಗೆ ತೋರಸ್ರಿ,” ಎಂದಳು.

“ನಾಳೆ.”

ಪತ್ರವನ್ನು ಟ್ರಂಕಿನ ತಳಕ್ಕೆ ಸೇರಿಸಿದೆ. ಅವಳು ಮತ್ತೆ ಮತ್ತೆ ಕೇಳಿದಳು, ನಾನು ಅದೇ ಉತ್ತರ ಕೊಟ್ಟೆ. ಕೊನೆಗೆ ಕೋರ್ಟಿನ ಬೇಲಿಫ ಸಮನ್ಸ್ ತಂದ ದಿನ ಎರಡೂ ಕಾಗದ ಹಿಡಿದು ಪಕ್ಕದ ಬಾಗಿಲಿಗೆ ಹೋದೆ. ಅವಳೂ ಹಿಂದೆ ಬಂದಳು. ಉಡುಪಿಯವರು ನಿಂತು ಓದತೊಡಗಿದವರು ಅರ್ಧಕ್ಕೆ ಹೊಸ್ತಿಲ ಮೇಲೆ ಕುಳಿತರು.

“ಆರು ತಿಂಗಳಿಗಿಂತ ಹೆಚ್ಚು ಬಾಡಿಗೆ ಬಾಕಿ ಅಂತ ನೋಟೀಸು. ಇದು ಸಿಕ್ಕಿದ ಒಂದು ತಿಂಗಳೊಳಗೆ ಕಟ್ಟಿದ್ರೆ ಏನೂ ಆಗ್ತಿರ್ಲಿಲ್ಲ. ಬಂದು ಎಷ್ಟು ದಿನ ಆಯ್ತು?”

ನಾನು ಬೆರಳು ಮಡಿಚಿ ಎಣಿಸತೊಡಗಿದೆ.

“ಎಪ್ಪತ್ತೊಂದ ದಿನಾ ಆತ್ರಿ,” ಎಂದಳು ನನ್ನ ಹೆಂಡತಿ.

ಬಾಕಿ ಎಂಬ ಮಾತಿಗಾಗಿ ಶಾಲೆ ಬಿಟ್ಟವನನ್ನು ಕಲ್ಯಾಣದ ಕೋರ್ಟಿನಲ್ಲಿ ಬಾಕಿದಾರನೆಂದೇ ಕೂಗಿ ಕರೆದರು. ಪೂರಾ ಹಣ ಕಿಸೆಯಲ್ಲಿಟ್ಟುಕೊಂಡು ಹೋಗಿದ್ದೆ. ಹೊತ್ತು ಮೀರಿತ್ತು. ನನ್ನ ಪರ ಮಾತಾಡಲು ಉಡುಪಿಯವರು ಒಂದು ದಿನದ ರಜೆ ಹಾಕಿ ಬಂದಿದ್ದರು, ಯಾರೂ ಅವರನ್ನು ಕೇಳಲಿಲ್ಲ. ಆವತ್ತು ತಿರುಗಿ ಬರುವಾಗ ಅವರು ಹತ್ತು ರೂಪಾಯಿಯ ಮಾತು ಎತ್ತಲಿಲ್ಲ. ಮುಂದೆಯೂ ಎತ್ತಲಿಲ್ಲ. ೧೯೮೬ರಲ್ಲಿ ನಾವು ಖೋಲಿ ಬಿಟ್ಟುಕೊಟ್ಟೆವು. ಹದಿಮೂರು ಮನೆಯವರಿಗೆ ಸೇಠ ಒಪ್ಪಂದ ಬರೆದುಕೊಟ್ಟ. ಹೊಸ ಕಟ್ಟಡದಲ್ಲಿ ಅವರಿಗೆ ಮನೆ ಸಿಕ್ಕವು.

ಈಗ ನನ್ನ ಹತ್ತಿರ ಇರುವುದಿಷ್ಟು: ಠಾಣೆಯ ಪಕ್ಕದ ಕಳವಾ ಊರಿನಲ್ಲಿ ಹನ್ನೊಂದು ತಿಂಗಳ ಕರಾರಿನ ಒಂದು ಖೋಲಿ, ಎರಡು ಟ್ರಂಕು, ಒಂದು ಹೊಲಿಗೆ ಯಂತ್ರ, ವಾಪಸು ಬಂದ ಮೂರು ಮನಿಯಾರ್ಡರ್ ಕಾಗದ.