ಗಾಜಿನಂಗಡಿ ಕಾಕಾ ನೋಡಿದ ಪ್ರದರ್ಶನ

ಕಳೆದ ವಾರ ಸೊಸೆ ಎಲ್ಲಿಂದಲೋ ಒಂದು ಗಾಜಿನ ದೀಪ ತರಿಸಿದ್ದಳು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಎಂದಿನ ಪ್ಲಾಸ್ಟಿಕ್ ಗುಳ್ಳೆಯ ಹಾಳೆ ಇರಲಿಲ್ಲ, ಒಣಗಿದ ಭತ್ತದ ಹುಲ್ಲಿತ್ತು. "ಈಗ ಇದ ಫ್ಯಾಶನ್ ರಿ ಅತ್ತಿ," ಎಂದಳು. ನಾನು ಹುಲ್ಲನ್ನು ಮೂಗಿಗೆ ಹಿಡಿದವಳು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಧೂಳು, ಬಿಸಿಲು, ಚೂರು ಸೀಮೆಎಣ್ಣೆ... ಸೀಮೆಎಣ್ಣೆ ಆ ಹುಲ್ಲಿನಲ್ಲಿ ಇರಲಿಲ್ಲ ಬಿಡಿ, ಅದು ನನ್ನ ನೆನಪಿನಲ್ಲಿದ್ದದ್ದು. ಮಿರಜದ ಪೇಟೆ, ಗಾಜಿನಂಗಡಿ, ಗಾದಿಯ ಮೇಲೆ ಕಾಲು ಮಡಚಿ ಕೂತ ಕಾಕಾ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಸೊಸೆ ದೀಪ ಹಚ್ಚಿ ತೋರಿಸಿದಳು. ನಾನು ಅದನ್ನು ನೋಡಿದೆನೋ ಇಲ್ಲವೋ.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಪ್ಪ-ಅವ್ವ ವಿಜಾಪುರದ ಕಡೆಯಿಂದ ಕೂಲಿ ಹುಡುಕಿಕೊಂಡು ಮಿರಜಕ್ಕೆ ಬಂದವರು. ನಾನು ಮ್ಯಾಟ್ರಿಕ್ ಪಾಸಾದದ್ದೇ ನಮ್ಮ ಓಣಿಯಲ್ಲಿ ದೊಡ್ಡ ಸುದ್ದಿಯಾಗಿ, ಪೇಟೆಯ ಸಹಕಾರಿ ಭಂಡಾರದಲ್ಲಿ ಮಾಲು ಮಾರುವ ಕೆಲಸ ಸಿಕ್ಕಿತ್ತು. ಹಾಲಿಗೊಂದು ಸಹಕಾರಿ ಸಂಘ, ಸಕ್ಕರೆಗೊಂದು, ನೂಲಿಗೊಂದು, ಸಾಲಕ್ಕೊಂದು ಎಂದು ಹುಟ್ಟುತ್ತಿದ್ದ ಕಾಲ. ನಮ್ಮ ಭಂಡಾರದಲ್ಲಿ ಸ್ಟೀಲಿನ ಲೋಟ, ಪ್ಲಾಸ್ಟಿಕ್ಕಿನ ಡಬ್ಬಿ ರಾಶಿ ರಾಶಿ. ರಸ್ತೆಯಾಚೆ, ಸರಿಯಾಗಿ ನಮ್ಮೆದುರಿಗೆ, ಪೇಟೆಯವರೆಲ್ಲ ಕಾಕಾ ಎನ್ನುತ್ತಿದ್ದವರ ಅಂಗಡಿ: ಕಂದೀಲಿನ ಗಾಜು, ಉಪ್ಪಿನಕಾಯಿಯ ಭರಣಿ, ಕನ್ನಡಿ, ರೇಲ್ವೆಯವರ ಕೈದೀಪಕ್ಕೆ ಬೇಕಾಗುವ ಕೆಂಪು ಹಸಿರು ಗಾಜು. ಅವರ ಅಜ್ಜನ ಕಾಲಕ್ಕೇ ಕರ್ನಾಟಕದಿಂದ ಬಂದು ನೆಲೆಸಿದ ಮನೆತನ. ಹಣೆಗೆ ವಿಭೂತಿ, ತಲೆಗೆ ಬಿಳಿ ಟೋಪಿ, ಬಾಯಿಗೆ ಬಿಡುವೇ ಇಲ್ಲ. ನಾನು ಬೆಳಿಗ್ಗೆ ಭಂಡಾರದ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದರು. "ಏನ ತಂಗಿ, ಇವತ್ತ ಎಷ್ಟ ಮನಿಗೆ ತಗಡ ಹಂಚಾಕಿ ಅದಿ?" ಎಂದು ಆ ಬದಿಯಿಂದಲೇ ಕೂಗುತ್ತಿದ್ದರು. ಸ್ಟೀಲೆಲ್ಲ ಅವರ ಲೆಕ್ಕದಲ್ಲಿ ತಗಡೇ.

ಅಂಥ ಮಾತುಗಾರರು ಗಾಜು ಕೈಗೆ ಬಂದರೆ ಮಾತ್ರ ಗಪ್ಪಾಗುತ್ತಿದ್ದರು. ಕಂದೀಲಿನ ಗಾಜನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೀಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಠಣ್ ಅಂದರೆ ಗಿರಾಕಿಯ ಕೈಗೆ. ಟಸಕ್ ಅಂದರೆ ಎಲ್ಲೋ ಬಿರುಕಿದೆ ಎಂದರ್ಥ, ಅದು ಅಟ್ಟಕ್ಕೆ. ಅರ್ಧ ರೇಟಿಗೆ ಕೊಡಿ ಎಂದು ಯಾರು ಗೋಗರೆದರೂ ಬಿರುಕಿನ ಗಾಜು ಕೊಟ್ಟವರಲ್ಲ. ಎಸೆದವರೂ ಅಲ್ಲ. "ನಾಳೆ ಭಂಗಾರದವಗ ಹಾಕತೇನಿ" ಎಂದು ಗುಜರಿಯವನ ಹೆಸರು ಹೇಳುತ್ತ ಹೇಳುತ್ತ ಅಟ್ಟ ತುಂಬಿಹೋಗಿತ್ತು.

ಆದರೆ ಠಣ್ ಅನ್ನುವ ಗಾಜಿಗೂ ಈಗ ಗಿರಾಕಿ ಇರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಲಿಂಗನೂರಿಗೆ ಕರೆಂಟು ಬಂತು, ಸಮಡೋಳಿಗೆ ಬಂತು... ಸಂತೆಯ ದಿನ ಕಂದೀಲಿನ ಗಾಜಿಗೆ ಮುಗಿಬೀಳುತ್ತಿದ್ದ ಹೆಂಗಸರು ನಮ್ಮ ಭಂಡಾರದ ಮೆಟ್ಟಿಲು ಹತ್ತತೊಡಗಿದರು. ಕಾಕಾ ಅವರ ಮಗ ಕೆಟ್ಟವನಲ್ಲ, ಮಕ್ಕಳಿದ್ದವನು. ಅವನು ಅಪ್ಪನಿಗೆ ಸ್ಪಷ್ಟವಾಗಿ ಹೇಳಿದ್ದ: ದೀಪಾವಳಿಯೊಳಗೆ ಗಾಜಿನಲ್ಲೇ ಏನಾದರೂ ಹೊಸ ಮಾಲು ತಂದು ಗಿರಾಕಿಯನ್ನು ಮರಳಿ ಕರೆತಂದರೆ ಸರಿ, ಇಲ್ಲವಾದರೆ ಗಾಜು ತೆಗೆದು ಅಂಗಡಿ ತುಂಬ ಸ್ಟೀಲು. ಕಾಕಾ ಹೂಂ ಅಂದಿದ್ದರು. ಅಂದಾಗಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ದಿನ ಮರಾಠಿ ಪೇಪರು ಓದುತ್ತ ನಾನೇ ಸುದ್ದಿ ಹೇಳಿದೆ: ಸಾಂಗ್ಲಿಯ ಮ್ಯೂಸಿಯಮ್ಮಿನಲ್ಲಿ ಹೊಸ ಕಾಲದ ಗಾಜಿನ ಕಲೆಯ ಪ್ರದರ್ಶನ. ಕಾಕಾ ಗಾದಿಯಿಂದ ಜಿಗಿದರು! ಆ ವಯಸ್ಸಿನಲ್ಲಿ! ನಮಗೆ ಗೊತ್ತಿದ್ದ ಪ್ರದರ್ಶನಗಳೆಲ್ಲ ಸಹಕಾರಿ ಸಂಘದವರು ಮೈದಾನದಲ್ಲಿ ಹಂದರ ಹಾಕಿ ನಡೆಸುವಂಥವು. ಪಂಪು, ಬೀಜ, ಸೀರೆ, ಹೊಲಿಗೆ ಯಂತ್ರ... ನೋಡುವುದು, ಚೌಕಾಶಿ ಮಾಡುವುದು, ಕೊಂಡು ಹೊತ್ತು ತರುವುದು. ಪ್ರದರ್ಶನ ಅಂದಮೇಲೆ ಮಾರಾಟ ಇದ್ದೇ ಇರುತ್ತದೆ, ಅದರಲ್ಲಿ ನಮಗಿಬ್ಬರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಹೊಸಾ ಮಾಲು ತಂಗಿ! ಮಂದಿ ಬರೂದರಾಗ ನಾವು ಹೋಗಿ ಬಿಡೂಣು ನಡಿ!" ಎಂದರು.

ಭಂಡಾರಕ್ಕೆ ವಾರದ ರಜೆಯಿದ್ದ ದಿನ ಹೊರಟೆವು. ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಒಗೆದ ಧೋತರ ಉಟ್ಟು, ಕಾಕಾ ಒಂದು ದೊಡ್ಡ ಕಟ್ಟಿಗೆಯ ಪೆಟ್ಟಿಗೆಗೆ ಭತ್ತದ ಹುಲ್ಲು ಹಾಸಿಕೊಂಡು ಬಂದಿದ್ದರು. ಮಾಲು ಒಡೆಯದಂತೆ ತರಬೇಕಲ್ಲ! ಮಿರಜ-ಸಾಂಗ್ಲಿ ಬಸ್ಸಿನಲ್ಲಿ ಆ ಪೆಟ್ಟಿಗೆ ಕಂಡಕ್ಟರನ ಮೊಣಕಾಲಿಗೆ ಬಡಿದು, ಅವನು ಸಿಡಿಮಿಡಿಗೊಂಡು, ಕಾಕಾ ಅವನಿಗೂ ಪೇಪರು ತೋರಿಸಿ... ಸಾಂಗ್ಲಿ ಬರುವಷ್ಟರಲ್ಲಿ ಇಡೀ ಬಸ್ಸಿಗೆ ಗಾಜಿನ ಪ್ರದರ್ಶನದ ಸುದ್ದಿ ತಲುಪಿತ್ತು. ನನ್ನ ಸೀರೆಯ ತುಂಬ ಹುಲ್ಲು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅವರ ಹುರುಪು ನನಗೂ ಅಂಟಿಕೊಂಡಿತ್ತು.

ಕಾವಲುಗಾರ ಪೆಟ್ಟಿಗೆಯನ್ನು ಬಾಗಿಲಲ್ಲೇ ಇಡಿಸಿಕೊಂಡ. ನಾವು ಒಳಗೆ ಕಾಲಿಟ್ಟೆವು. ಅಬ್ಬಬ್ಬಾ! ಆಳೆತ್ತರದ ನೀಲಿ ಗಾಜು ಅಲೆಯಾಗಿ ಎದ್ದು ನಿಂತಿತ್ತು. ಮತ್ತೊಂದು ಕಡೆ ಸೂಜಿಯಷ್ಟು ಸಣ್ಣ ಗಾಜಿನ ಕಡ್ಡಿಗಳ ಒಂದು ಹೊಲವೇ ಬೆಳೆದಿತ್ತು, ನಾವು ಹತ್ತಿರ ನಡೆದರೆ ಸಣ್ಣಗೆ ನಡುಗುತ್ತಿತ್ತು. ಮೂಲೆಯಲ್ಲಿ ಬಾಯಿಯೇ ಇಲ್ಲದ ಹಳದಿ ಗಾಜಿನ ದೊಡ್ಡ ಗುಂಡು. ಕಾಕಾ ನನ್ನ ತೋಳು ಜಗ್ಗುತ್ತ, "ಇಲ್ಲಿ ನೋಡ... ಏ ತಂಗಿ, ಇಲ್ಲಿ ನೋಡ ಬಾ!" ಎನ್ನುತ್ತ ಅಲ್ಲಿಂದಿಲ್ಲಿಗೆ ಓಡಾಡಿದರು. ಎತ್ತ ನೋಡಲಿ, ಯಾವುದನ್ನು ಬಿಡಲಿ ಎಂದು ನನಗೂ ತಿಳಿಯಲಿಲ್ಲ.

ಇದನ್ನೆಲ್ಲ ಮಾಡಿದ ಕಲಾವಿದೆ ಅಲ್ಲೇ ಇದ್ದಳು, ಬರೋಡಾದಿಂದ ಬಂದವಳು. ಕಾಕಾ ನೇರ ಅವಳ ಹತ್ತಿರ ಹೋಗಿ ಮರಾಠಿಯಲ್ಲಿ ಕೇಳಿಯೇಬಿಟ್ಟರು: ಡಜನ್ನಿಗೆ ಏನು ದರ? ಅವಳು ನಕ್ಕಳು. ಇವು ಮಾರುವುದಕ್ಕಲ್ಲ ಕಾಕಾ, ನೋಡುವುದಕ್ಕೆ ಎಂದಳು. ಕಾಕಾ ಅವರ ಮುಖ ಇಳಿದುಹೋಯಿತು.

"ಮತ್ತ ಇದರಾಗ ಏನ ಹಾಕತಾರ?" ಎಂದು ನನ್ನನ್ನು ಕೇಳಿದರು.

ಏನೂ ಹಾಕುವುದಿಲ್ಲವಂತೆ ಎಂದೆ. ದೀಪಾವಳಿ ಹತ್ತಿರ ಬಂದಿತ್ತು, ಪೆಟ್ಟಿಗೆ ಬಾಗಿಲಲ್ಲಿ ಬರಿದೇ ಬಿದ್ದಿತ್ತು.

ಆದರೂ ಅವರ ಕೈ ಸುಮ್ಮನಿರಬೇಕಲ್ಲ. ಹಳದಿ ಗುಂಡಿನ ಹತ್ತಿರ ಹೋದವರೇ ಕಿವಿ ತಾಗಿಸಿ ಉಗುರಿನಿಂದ ಮೀಟಿದರು. "ಕಾಕಾ, ಹಾತ ಲಾವೂ ನಕಾ!" ಮುಟ್ಟಬೇಡಿ ಎನ್ನುತ್ತ ಕಾವಲುಗಾರ ಓಡಿಬಂದ. ಕಾಕಾ ಅವನತ್ತ ತಿರುಗಿಯೂ ನೋಡಲಿಲ್ಲ.

"ಬಾಯಾರ, ಇದು ಒಡದೈತ್ರಿ!" ಎಂದು ಕಲಾವಿದೆಯನ್ನು ಕೂಗಿದರು. ಗಾಬರಿಯಲ್ಲಿ ಕನ್ನಡವೇ ಬಾಯಿಗೆ ಬಂದಿತ್ತು.

ನಾನು ಮರಾಠಿಯಲ್ಲಿ ಹೇಳಿದೆ. ಹೌದು, ನಾನೇ ಒಡೆದದ್ದು ಎಂದಳು ಕಲಾವಿದೆ. ಕುಲುಮೆಯಿಂದ ತೆಗೆದ ಗಾಜನ್ನು ಒಮ್ಮೆ ತಣ್ಣೀರಿನಲ್ಲಿ ಅದ್ದಿದರೆ ಮೈಯೆಲ್ಲ ಬಿರುಕು ಬಿಡುತ್ತದಂತೆ. ಮತ್ತೆ ಕಾಸಿದರೆ ಬಿರುಕು ಒಳಗೆ ಹಾಗೇ ಉಳಿದು ಗಾಜು ಗಟ್ಟಿಯಾಗುತ್ತದಂತೆ. ಹೇಳುತ್ತಲೇ ಅವಳು ಕಿಟಕಿಯ ಪರದೆ ಸರಿಸಿದಳು. ಬಿಸಿಲು ಬಿದ್ದದ್ದೇ ತಡ, ಗುಂಡು ಒಳಗಿನಿಂದಲೇ ಹೊತ್ತಿಕೊಂಡಿತು! ಒಂದೊಂದು ಬಿರುಕಿಗೆ ಒಂದೊಂದು ಬಣ್ಣ. ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ... ಕಾವಲುಗಾರ ಕೂಡ ಪಕ್ಕದಲ್ಲಿ ನಿಂತು ನೋಡತೊಡಗಿದ.

"ಇಂಥಾವನ್ನ ಆಯುಷ್ಯಪೂರ್ತಿ ಅಟ್ಟಕ್ಕ ಒಗದ್ನಲ್ಲಾ ತಂಗಿ," ಎಂದರು. ಬೇಸರದಿಂದಲ್ಲ. ಕಣ್ಣು ಮಿನುಗುತ್ತಿದ್ದವು.

ಮರಳುವಾಗ ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮಿರಜದವರೆಗೂ ಮಾತೇ ಮಾತು. ಮಾಲು ಸಿಗಲಿಲ್ಲವಲ್ಲ, ಇನ್ನು ಅಂಗಡಿಯ ಗತಿಯೇನು ಎಂದು ನನಗೆ ಚಿಂತೆ. ಅವರು ಅದನ್ನು ಎತ್ತಲೇ ಇಲ್ಲ.

ದೀಪಾವಳಿಗೆ ಇನ್ನು ಕೆಲವೇ ದಿನ ಇರುವಾಗ ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ನಮ್ಮ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ! ಕಾಕಾ ಅಟ್ಟ ಪೂರ್ತಿ ಖಾಲಿ ಮಾಡಿದ್ದರು. ಬಿರುಕು ಬಿಟ್ಟ ಗಾಜನ್ನೆಲ್ಲ ತಿಕ್ಕಿ ತೊಳೆದು, ಅಂಗಡಿಯ ಮುಂದೆ ಬಿದಿರಿನ ಗಳು ಕಟ್ಟಿ, ದಾರದಲ್ಲಿ ಸಾಲಾಗಿ ತೂಗುಬಿಟ್ಟಿದ್ದರು. ಕಂದೀಲಿನ ಗಾಜು, ಭರಣಿಯ ಮುಚ್ಚಳ, ಕೆಂಪು ಹಸಿರು ರೇಲ್ವೆ ಗಾಜು. ಮೂಡಲ ಬಿಸಿಲು ಗಾಜುಗಳನ್ನು ಹಾಯ್ದು ರಸ್ತೆಗೆ ಬೀಳುತ್ತಿತ್ತು. ಬೀದಿಯ ತುಂಬ ಬಣ್ಣ ಚೆಲ್ಲಿತ್ತು! ಹಾಲಿನವನ ಕ್ಯಾನಿನ ಮೇಲೆ, ಅರಿಸಿನ ಚೀಲ ಹೊತ್ತ ಹಮಾಲರ ಬೆನ್ನ ಮೇಲೆ, ನಮ್ಮ ಭಂಡಾರದ ಸ್ಟೀಲು ಲೋಟಗಳ ಮೇಲೂ. ಲಿಂಗನೂರಿನಿಂದ ಬಂದ ಹೆಂಗಸರು ಸಂತೆ ಮರೆತು ನಿಂತಿದ್ದರು. ನಾನು ಬಾಗಿಲು ತೆರೆಯುವುದನ್ನೇ ಮರೆತೆ.

ಜನರನ್ನು ಸರಿಸಿಕೊಂಡು ಮಗ ಓಡಿಬಂದ. "ಅಪ್ಪಾ, ಮಂದಿ ರೇಟ್ ಕೇಳಾಕತ್ತಾರ, ಮಾರ್ರಿ! ಇದು ನಡದರ ಸ್ಟೀಲ್ ಬ್ಯಾಡ ಬಿಡ್ರಿ, ಗಾಜಿಂದ ಅಂಗಡಿ ಇರಲಿ!" ಎಂದ.

ಗೆದ್ದರಲ್ಲ ಕಾಕಾ! ನನಗೆ ಕುಣಿಯುವಷ್ಟು ಖುಷಿ.

"ಇವು ಮಾರಾಕಲ್ಲೋ, ನೋಡಾಕ," ಎಂದರು ಕಾಕಾ. "ಒಡದ ಗಾಜು. ಯಾರರ ಮನ್ಯಾಗ ಕೂಸಿನ ಕೈ ಕೊಯ್ದರ?"

"ಮತ್ತ ಅಂಗಡಿ?"

"ಸ್ಟೀಲ್ ತರಸ."

ಮಗ ತಲೆ ತಲೆ ಚಚ್ಚಿಕೊಂಡ. ನನಗೆ ಸಿಟ್ಟು ಬಂತು. ರಸ್ತೆ ದಾಟಿ ಹೋಗಿ, "ಹಿಂಗ್ಯಾಕ ಮಾಡಿದ್ರಿ ಕಾಕಾ? ಕೈಗೆ ಬಂದಿತ್ತಲ್ರಿ!" ಎಂದು ಅವರ ಮೇಲೆ ಏರಿಹೋದೆ. ಅವರು ನನ್ನನ್ನು ನೋಡಲಿಲ್ಲ, ಗಾಜು ನೋಡುತ್ತ ನಿಂತ ಜನರನ್ನು ನೋಡುತ್ತಿದ್ದರು.

"ಅಂಗಡಿ ಉಳಸಬೇಕಂತ ಒದ್ದಾಡತಿದ್ನಿ ತಂಗಿ. ಖರೇ ಅಂದ್ರ ನನಗ ಬೇಕಾಗಿದ್ದು ಇದು. ನಾ ಇದನ್ನ ನೋಡತಿದ್ದಂಗ ಮಂದೀನೂ ಒಂದ ಸಲ ನಿಂತ ನೋಡಬೇಕಾಗಿತ್ತು. ನೋಡಿದ್ರು. ಆತಲ್ಲ."

ನಾನು ಭಂಡಾರಕ್ಕೆ ಮರಳಿ, ಲೋಟದ ರಾಶಿಯ ಹಿಂದೆ ನಿಂತು ಅತ್ತೆ. ಸಂತೋಷಕ್ಕೋ ದುಃಖಕ್ಕೋ... ಎರಡಕ್ಕೂ ಇರಬೇಕು. ಬಿಸಿಲು ಏರುವವರೆಗೂ ಕಾಕಾ ಬಂದವರಿಗೆಲ್ಲ "ಈ ಕಡೆ ನಿಂತ ನೋಡ್ರಿ, ಈ ಕಡೆಯಿಂದ ಭಾಳ ಚಂದ" ಎಂದು ಜಾಗ ತೋರಿಸುತ್ತಿದ್ದರು.

ಹಬ್ಬ ಕಳೆದ ಮೇಲೆ ಅಂಗಡಿಗೆ ಸ್ಟೀಲು ಬಂತು. ಚೆನ್ನಾಗಿಯೇ ನಡೆಯಿತು. ನನಗೆ ಸಾಂಗ್ಲಿಗೆ ಮದುವೆಯಾಯಿತು. ಕಾಕಾ ಹೋದ ಸುದ್ದಿ ಬಂದಾಗ ನಾನು ಬಾಣಂತಿ, ಮುಖ ನೋಡಲೂ ಆಗಲಿಲ್ಲ.

ಸಾಂಗ್ಲಿಯಲ್ಲಿ ಚಿತ್ರವಿರಲಿ, ಮೂರ್ತಿಯಿರಲಿ, ಯಾವ ಪ್ರದರ್ಶನ ನಡೆದರೂ ಇಂದಿಗೂ ನಾನು ಮೊದಲ ದಿನವೇ ಹೋಗುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಒಳಗೆ ಕಾಲಿಟ್ಟೊಡನೆ ಎದೆ ಹಾರುತ್ತದೆ, ಆಗಿನಷ್ಟೇ. ಚಂದದ್ದೇನಾದರೂ ಕಂಡರೆ ಮಾತ್ರ ಪಕ್ಕಕ್ಕೆ ತಿರುಗುತ್ತೇನೆ. ತೋಳು ಜಗ್ಗಿ ಕರೆಯುವವರು ಈಗ ಯಾರೂ ಇಲ್ಲ. ಜಗ್ಗೋಣವೆಂದು ನಾನೇ ಕೈ ಚಾಚಿದರೆ, ಪಕ್ಕದಲ್ಲಿ ನಿಂತವರು ಯಾರೋ ಬೇರೆಯವರಾಗಿರುತ್ತಾರೆ.